ಮರ್ಯೋರಿ ಗುಂಪಿನಲ್ಲಿದ್ದಳೋ ಇಲ್ಲವೋ

"ನೀನು ಕೊಂಬೊದಲ್ಲಿ ಇದ್ದೆಯೇನಮ್ಮ?" ಎಂದು ಮೇಜಿನ ಆಚೆ ಕೂತಿದ್ದ ಹಿರಿಯರು ಕೇಳಿದಾಗ, ಮರ್ಯೋರಿ ಒಂದು ಕ್ಷಣವೂ ತಡೆಯದೆ, "ಇಲ್ಲ ಸಾರ್, ಯಾವತ್ತೂ ಇಲ್ಲ" ಅಂದುಬಿಟ್ಟಳು.

ಹಾಗೆ ಹೇಳಿ ಹೇಳಿ ಅವಳ ನಾಲಿಗೆಗೆ ರೂಢಿಯಾಗಿತ್ತು. ಮೆದೆಯೀನ್ ಊರಿನ ಈಶಾನ್ಯದ ಗುಡ್ಡಗಳಲ್ಲಿ ಹುಟ್ಟಿದವರಿಗೆ ಆ ಪ್ರಶ್ನೆಯೂ ಹೊಸದಲ್ಲ, ಉತ್ತರವೂ ಹೊಸದಲ್ಲ. ಕೇರಿಗೊಂದು ಕೊಂಬೊ, ಅಂದರೆ ಆ ಕೇರಿಯನ್ನು ಆಳುವ ಹುಡುಗರ ಗುಂಪು. ಪೊಲೀಸರು ಕೇಳಿದರೂ, ಶಾಲೆಯ ದೊಡ್ಡ ಮೇಡಂ ಕೇಳಿದರೂ, ಹಬ್ಬಕ್ಕೆ ಬಂದ ಸೋದರತ್ತೆ ಕೇಳಿದರೂ ಹೇಳಬೇಕಾದ್ದು ಒಂದೇ: ಇಲ್ಲ. ಆದರೆ ಈ ಸಲ ಆ ಉತ್ತರ ಕೇಳಿ ಮೇಜಿನ ಆಚೆಯ ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಹೆಂಗಸು, "ಸರಿ, ಹೊರಗೆ ಕೂತಿರಿ" ಅಂದಳು. ಒಳ್ಳೆಯ ಸುದ್ದಿ ಕೇಳಿದವರ ಮುಖ ಹಾಗಿರುವುದಿಲ್ಲ ಎನ್ನುವುದು ಮರ್ಯೋರಿಗೆ ಗೊತ್ತಾಯಿತು. ಯಾಕೆ ಎಂದು ಮಾತ್ರ ಗೊತ್ತಾಗಲಿಲ್ಲ.

ಹೊರಗಿನ ಓಣಿಯಲ್ಲಿ ಪೌಲೀನಾ ಅವಳನ್ನು ಹಿಡಿದಳು. ಈ ಪೌಲೀನಾ ಯಾವ ರೋಗಕ್ಕೂ ಮದ್ದು ಕೊಡುವವಳಲ್ಲ. ಆದರೂ ಆ ಊರಿನಲ್ಲಿ ಮೇಜಿನ ಹಿಂದೆ ಕೂರುವವರನ್ನೆಲ್ಲ ಡಾಕ್ಟರ್ ಅಂತಲೇ ಕರೆಯುವುದರಿಂದ ಇವಳೂ ಡಾಕ್ಟರಮ್ಮ. ನಗರಸಭೆಯೂ ಹೊರದೇಶದ ಒಂದು ಸಂಸ್ಥೆಯೂ ಕೂಡಿ ಒಂದು ನಿಧಿ ಮಾಡಿದ್ದವು. ಆ ನಿಧಿಗೆ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ಗುಡ್ಡದ ಮೆಟ್ಟಿಲು ಹತ್ತಿಳಿಯುವುದು ಅವಳ ಕೆಲಸ.

"ಏನಮ್ಮ ಮರ್ಯೋರಿ, ಇಲ್ಲ ಅಂದುಬಿಟ್ಟೆ?"

"ಮತ್ತೇನನ್ನಬೇಕಿತ್ತು ಡಾಕ್ಟರಮ್ಮ?"

"ಈ ದುಡ್ಡು ಇರೋದೇ ಕೊಂಬೊದಲ್ಲಿ ಇದ್ದೋರಿಗೆ ಕಣೆ. ಇದ್ದು, ಬಿಟ್ಟು, ಓದೋಕೆ ಬರೋರಿಗೆ. ನೀನು ಯಾವತ್ತೂ ಇರಲಿಲ್ಲ ಅಂದ್ರೆ ಅವರು ಹೆಂಗೆ ಕೊಡ್ತಾರೆ?"

"ಒಳ್ಳೆಯವಳಾಗಿದ್ರೆ ಕೊಡಲ್ವಾ?"

ಪೌಲೀನಾ ಹಣೆ ಒತ್ತಿಕೊಂಡಳು. "ಅದಕ್ಕೆ ಬೇರೆ ಫಂಡ್ ಇದೆ. ಅದಕ್ಕೆ ನಿನ್ನ ಮಾರ್ಕ್ಸ್ ಸಾಲದು."

ಮರ್ಯೋರಿ ನಕ್ಕಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಪೌಲೀನಾ ದನಿ ತಗ್ಗಿಸಿ ಹೇಳಿದಳು: "ಅವತ್ತು ನಿಮ್ಮ ಟೆರೇಸ್ ಮೇಲೆ ನಂಗೆ ಎಲ್ಲಾ ಹೇಳಿದೆಯಲ್ಲ. ಅದನ್ನೇ ಇಲ್ಲಿ ಹೇಳು. ಹತ್ತು ದಿನ ಬಿಟ್ಟು ಇನ್ನೊಂದು ಸಲ ಕರೆಸ್ತೀನಿ. ಯಾರ ಹೆಸರೂ ಹೇಳಬೇಕಾಗಿಲ್ಲ. ನೀನು ಏನು ಮಾಡಿದೆ ಅಂತ ಅಷ್ಟೇ."

ಕೇಬಲ್ ಕಾರಿನ ಡಬ್ಬಿಯಲ್ಲಿ ಕೂತು ಮನೆಗೆ ಹೋಗುವಾಗ ಮರ್ಯೋರಿ ಅದನ್ನೇ ಯೋಚಿಸಿದಳು. ಕೆಳಗೆ ತಗಡಿನ ಸೂರುಗಳು, ಅವುಗಳ ಮೇಲೆ ಹಾರದಿರಲೆಂದು ಇಟ್ಟ ಕಲ್ಲುಗಳು. ಏನು ಮಾಡಿದೆ ಅಂತ ಅಷ್ಟೇ! ಏನು ಮಾಡಿದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಏನೆಂದು ಹೆಸರಿಡಬೇಕು ಎನ್ನುವುದು ಗೊತ್ತಿರಲಿಲ್ಲ.

ಅವಳ ಕೇರಿ ಲಾ ತೋರ್ಕಾಸಾ. ಅಪ್ಪ ಇಲ್ಲ, ಎಲ್ಲಿದ್ದಾನೆಂದು ಕೇಳುವವರೂ ಇಲ್ಲ. ಅಮ್ಮ ರುಬಿಯೇಲಾ ಬೆಳಗ್ಗೆ ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಮೆಕ್ಕೆಜೋಳದ ಅರೇಪಾ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಅಣ್ಣ ದುವಾನ್ ಹದಿನಾಲ್ಕಕ್ಕೇ ಕೊಂಬೊ ಸೇರಿದ. ಆಗ ಮರ್ಯೋರಿಗೆ ಹನ್ನೊಂದು. ಒಂದು ಮಧ್ಯಾಹ್ನ ಅಣ್ಣ ಒಂದು ಚೀಲ ತಂದು, "ಇದನ್ನ ನಿನ್ನ ಮಂಚದ ಕೆಳಗೆ ಇಟ್ಕೋ, ಅಮ್ಮಂಗೆ ಹೇಳಬೇಡ" ಅಂದ. ಇಟ್ಟುಕೊಂಡಳು. ಹುಡುಗಿಯರನ್ನು ಪೊಲೀಸರು ತಡಕುವುದಿಲ್ಲ ಎಂದು ಯಾರೋ ಕಂಡುಕೊಂಡ ಮೇಲೆ ಆ ಚೀಲದೊಳಗಿನದು ಅವಳ ಊಟದ ಡಬ್ಬಿಯ ಪಕ್ಕ ಕೂತು ಮೇಲಿನ ಕೇರಿಯಿಂದ ಕೆಳಗಿನ ಕೇರಿಗೆ ಓಡಾಡತೊಡಗಿತು. ಆಮೇಲೆ ಟೆರೇಸಿನ ಕೆಲಸ. ಅವರ ಮನೆ ತಿರುವಿನಲ್ಲೇ ಇದ್ದುದರಿಂದ ಕೆಳಗಿನಿಂದ ಯಾರು ಹತ್ತಿ ಬಂದರೂ ಮೊದಲು ಕಾಣುತ್ತಿದ್ದುದು ಅವಳಿಗೆ. ಪೊಲೀಸರೋ ಬೇರೆ ಗುಂಪಿನವರೋ ಕಂಡರೆ ಎಚ್ಚರಿಕೆಗೆ ಕೆಂಪು ಟವೆಲ್ ಒಣಗಿಹಾಕಬೇಕು. ಹುಡುಗರ ಅಂಗಿ ಒಗೆಯುವುದು, ಜೈಲಿನಲ್ಲಿದ್ದವರಿಗೆ ಮಾತು ಮುಟ್ಟಿಸುವುದು, ಇವೆಲ್ಲ ಬೇರೆ.

ಒಂದು ಸಲವೂ ಯಾರೂ, "ನೀನೀಗ ನಮ್ಮವಳು" ಅನ್ನಲಿಲ್ಲ. ಅವಳೂ ಸೇರುತ್ತೇನೆ ಅನ್ನಲಿಲ್ಲ. ಅಣ್ಣ ಹೇಳಿದ, ತಂಗಿ ಮಾಡಿದಳು.

ದುವಾನ್‌ಗೆ ಸೊಂಟಕ್ಕೆ ಗುಂಡು ಬಿದ್ದ ದಿನ ಆಸ್ಪತ್ರೆಯಲ್ಲಿ ಯಾರೋ ಅವನ ಎಕ್ಸ್‌ರೇ ಹಾಳೆಯನ್ನು ಅವಳ ಕೈಗೆ ಕೊಟ್ಟು ಎರಡನೆಯ ಮಹಡಿಗೆ ಒಯ್ಯಲು ಹೇಳಿದರು. ಓಣಿಯ ಕಿಟಕಿಯ ಬಳಿ ನಿಂತು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅಣ್ಣನ ಮೂಳೆಗಳೆಲ್ಲ ಹೊಗೆಯ ಹಾಗೆ ಮಸಕಾಗಿ, ನಡುವೆ ಗುಂಡು ಮಾತ್ರ ಬೆಳ್ಳಗೆ, ಒಂದು ಕಾಳಿನ ಹಾಗೆ ಎದ್ದು ಕಾಣುತ್ತಿತ್ತು. ಚರ್ಮ ಕೊಯ್ಯದೆ ಇದನ್ನು ನೋಡಿದವರು ಯಾರು, ಹೇಗೆ ನೋಡಿದರು ಎನ್ನುವ ಬೆರಗು ಅವಳನ್ನು ಬಿಡಲೇ ಇಲ್ಲ. ದುವಾನ್ ಕುಂಟುತ್ತಾ ಉಳಿದ. ಕುಂಟನಿಂದ ಕೊಂಬೊಗೇನು ಉಪಯೋಗ? ಬಿಟ್ಟುಬಿಟ್ಟರು. ಅವನು ಉರಬಾ ಕಡೆಯ ಬಾಳೆ ತೋಟಗಳಿಗೆ ಹೋದ. ಕ್ರಿಸ್‌ಮಸ್ಸಿಗೊಂದು ಸಲ ಫೋನಿನಲ್ಲಿ ದನಿ ಕಳಿಸುತ್ತಾನೆ. ಅಣ್ಣ ಹೋದ ಮೇಲೆ ಚೀಲದ ಕೆಲಸ, ಟವೆಲ್ಲಿನ ಕೆಲಸ ಹೇಳುವವರೂ ಇಲ್ಲವಾದರು. ಮರ್ಯೋರಿ ಶಾಲೆ ಮುಗಿಸಿ ಜೀನ್ಸ್ ಪ್ಯಾಂಟಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಇಪ್ಪತ್ತಮೂರು ವರ್ಷದವಳಿದ್ದಾಗ ಪೌಲೀನಾ ಮೆಟ್ಟಿಲು ಹತ್ತಿ ಬಂದು, "ನಿಂಗೆ ಏನು ಓದೋ ಆಸೆ?" ಎಂದು ಕೇಳಿದಳು. ಅಂಥ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಹಾಕಿರಲಿಲ್ಲ. "ಎಕ್ಸ್‌ರೇ ತೆಗೆಯೋದು" ಅಂದುಬಿಟ್ಟಿದ್ದಳು.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ರುಬಿಯೇಲಾ ಜೋಳದ ಹಿಟ್ಟಿನ ಕೈ ಒರೆಸಿಕೊಳ್ಳದೆ ಎದ್ದು ನಿಂತಳು.

"ಏನಂತ ಹೇಳಬೇಕಂತೆ?"

"ಕೊಂಬೊದಲ್ಲಿ ಇದ್ದೆ ಅಂತ."

"ನಿನ್ನ ಬಾಯಿಗೆ ಬೆಂಕಿ ಹಾಕ! ನನ್ನ ಮಗಳು ಅಂಥೋಳಲ್ಲ ಅಂತ ಪೊಲೀಸರ ಹತ್ರ ಕೂಗಾಡಿದ್ದೀನಿ, ಪಾದ್ರಿ ಹತ್ರ ಆಣೆ ಮಾಡಿದ್ದೀನಿ, ನಿಮ್ಮತ್ತೆ ಜೊತೆ ಮಾತೇ ಬಿಟ್ಟಿದ್ದೀನಿ. ಈಗ ನೀನೇ ಹೋಗಿ ಹೌದು ಅಂತೀಯಾ?"

"ಅಮ್ಮ, ನಾನು ಮಾಡಿದ್ದು ನಿಂಗೆ ಗೊತ್ತಿರಲಿಲ್ವಾ?"

ರುಬಿಯೇಲಾ ಕೂತಳು. ಹಿಟ್ಟನ್ನು ಉಂಡೆ ಮಾಡಿ, ತಟ್ಟಿ, ಮತ್ತೆ ಉಂಡೆ ಮಾಡಿದಳು. "ಗೊತ್ತಿರೋದು ಬೇರೆ ಕಣೇ, ಹೇಳೋದು ಬೇರೆ."

"ಹಾಗಾದ್ರೆ ನಾನು ಇದ್ದೆನಾ, ಇರಲಿಲ್ವಾ?"

"ನನ್ನನ್ನ ಕೇಳಬೇಡ. ನಂಗೆ ಒಲೆ ಹಚ್ಚೋದಿದೆ."

ಯಾರನ್ನು ಕೇಳುವುದು? ಮರ್ಯೋರಿ ಎರಡು ದಿನ ಜೀನ್ಸಿನ ದಾರ ಕತ್ತರಿಸುತ್ತಾ ಇದನ್ನೇ ತಿರುವಿ ಹಾಕಿದಳು. ಹೌದು ಅಂದರೆ ಆ ಮಾತು ಹೇಗಾದರೂ ಗುಡ್ಡ ಹತ್ತಿ ಬಂದೇ ಬರುತ್ತದೆ. ಕೇಳಬಾರದವರ ಕಿವಿಗೆ ಬಿದ್ದರೆ ಗತಿಯೇನು? ಇಲ್ಲ ಅಂದರೆ ಓದು ಅಲ್ಲಿಗೇ ಮುಗಿಯಿತು. ಅದಕ್ಕೂ ಮಿಗಿಲಾಗಿ ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ತಿಳಿದಿರುವವನು ಒಬ್ಬನೇ.

ಅವನ ಹೆಸರು ಹಿಲ್ದಾರ್ದೊ. ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರುವಿನ ಕಣ್ಣಿಗಿರುವಂಥ ಉದ್ದುದ್ದ ರೆಪ್ಪೆಗೂದಲು ಅವನದು. ಅದಕ್ಕೇ ಪೆಸ್ತಾನ್ಯ, ರೆಪ್ಪೆಯವನು ಎಂದು ಹೆಸರು ಬಿದ್ದಿತ್ತು. ಲಾ ತೋರ್ಕಾಸಾದಲ್ಲಿ ಬಸ್ಸು ಎಷ್ಟು ಹೊತ್ತಿಗೆ ನಿಲ್ಲಬೇಕು, ಯಾವ ಅಂಗಡಿ ಯಾವಾಗ ಬಾಗಿಲು ಹಾಕಬೇಕು ಎನ್ನುವುದೆಲ್ಲ ಅವನ ಬಾಯಿಂದ ಬರಬೇಕಿತ್ತು. ಭಾನುವಾರ ಮಧ್ಯಾಹ್ನ ಅವನು ಸಿಮೆಂಟಿನ ಫುಟ್‌ಬಾಲ್ ಅಂಗಳದ ಬದಿಯಲ್ಲಿ, ಜ್ಯೂಸ್ ಅಂಗಡಿಯ ನೆರಳಿನಲ್ಲಿ ಕೂತು, ಉಪ್ಪು ನಿಂಬೆ ಹಾಕಿದ ಮಾವಿನಕಾಯಿ ತಿನ್ನುತ್ತಿದ್ದ. ಸುತ್ತ ಐದಾರು ಹುಡುಗರು.

"ಅಣ್ಣ, ಒಂದು ಮಾತು ಕೇಳಬೇಕಿತ್ತು."

"ಕೇಳಮ್ಮ. ಯಾರಾದ್ರೂ ತೊಂದ್ರೆ ಕೊಟ್ರಾ?"

"ಇಲ್ಲ. ನಾನು… ನಾನು ನಿಮ್ಮ ಕೊಂಬೊದಲ್ಲಿ ಇದ್ದೆನಾ?"

ಪೆಸ್ತಾನ್ಯನ ಬಾಯಿಗೆ ಹೋಗುತ್ತಿದ್ದ ಮಾವಿನ ಹೋಳು ಅಲ್ಲೇ ನಿಂತಿತು. ಹುಡುಗರಲ್ಲೊಬ್ಬ, "ಅಣ್ಣ, ಇವಳು ಪಿಂಚಣಿ ಕೇಳೋಕೆ ಬಂದಿರಬೇಕು!" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಪೆಸ್ತಾನ್ಯನೂ ನಕ್ಕ.

"ನೀನಾ? ನೀನು ದುವಾನ್‌ನ ತಂಗಿ ಕಣಮ್ಮ, ಅಷ್ಟೇ."

"ಅಷ್ಟೇನಾ?"

"ಇನ್ನೇನು? ಒಳ್ಳೆ ಹುಡುಗಿ. ನಮ್ಮ ಹುಡುಗರ ಅಂಗಿ ಒಗೆದು ಕೊಟ್ಟಿದ್ದೀಯ. ದೇವರು ಚೆನ್ನಾಗಿಟ್ಟಿರಲಿ."

ಹಾಗೆ ಅಂದಿದ್ದಕ್ಕೆ ಅವಳು ಉಸಿರು ಬಿಟ್ಟು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎಲ್ಲಿಂದ ಬಂತೋ, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

"ಅಂಗೀನಾ? ನನ್ನ ಮಂಚದ ಕೆಳಗೆ ಆರು ವರ್ಷ ಇದ್ದಿದ್ದು ಅಂಗೀನಾ ಅಣ್ಣ? ಊಟದ ಡಬ್ಬಿ ಜೊತೆ ನಾನು ಹೊತ್ಕೊಂಡು ಹೋಗಿದ್ದೇನು, ಸೋಪಾ? ಮುಂದಿನ ಗುಡ್ಡದವರು ಮೆಟ್ಟಿಲು ಹತ್ತಿ ಬಂದ ದಿನ ಟವೆಲ್ ಹಾಕಿದ್ದು ಯಾರು? ನೀವು ಇದೇ ಅಂಗಡಿ ಹಿಂದುಗಡೆ ಗೋಡೆ ಹಾರಿ ಓಡಿದ್ರಿ. ನಾನು ಅಲ್ಲೇ ಟೆರೇಸ್ ಮೇಲೆ ಮಲಗಿದ್ದೆ, ಕೆಳಗೆ ಇಳಿಯೋಕೂ ಆಗದೆ. ನಂಗೆ ಹದಿನಾರು ವರ್ಷ. ಜೈಲಿಗೆ ನಿಮ್ಮ ಮಾತು ತಗೊಂಡು ಹೋದಾಗ ಅಲ್ಲಿಯ ಹೆಂಗಸು ನನ್ನ ಬಟ್ಟೆ ಬಿಚ್ಚಿಸಿ ನೋಡಿದ್ಲು, ಗೊತ್ತಾ? ಇವನಿದ್ದಾನಲ್ಲ," ಎಂದು ಪಿಂಚಣಿಯ ಮಾತಾಡಿದವನ ಕಡೆ ಕೈ ತೋರಿಸಿ, "ಇವನು ಆಗ ಇನ್ನೂ ಚಡ್ಡೀಲಿ ಉಚ್ಚೆ ಹೊಯ್ಕೊತಿದ್ದ. ಇವನು ನಿಮ್ಮವನು, ನಾನಲ್ವಾ?"

ಒಬ್ಬೊಬ್ಬರ ನಗುವೂ ಇಂಗಿಹೋಯಿತು. ಪೆಸ್ತಾನ್ಯ ಹುಡುಗರಿಗೆ ಅಂಗಳ ತೋರಿಸಿ, "ಹೋಗ್ರೋ, ಚೆಂಡಾಡಿ" ಅಂದ. ಅವರು ಹೋದ ಮೇಲೆ ಪಕ್ಕದ ಕುರ್ಚಿ ಸರಿಸಿದ. ಅವಳು ಕೂರಲಿಲ್ಲ.

"ಮೆಲ್ಲಗೆ ಮಾತಾಡು. ಈಗ್ಯಾಕೆ ಇದೆಲ್ಲ?"

ಅವಳು ನಿಧಿಯ ವಿಷಯ, ಎಕ್ಸ್‌ರೇ ಓದಿನ ವಿಷಯ ಹೇಳಿದಳು. ಪೆಸ್ತಾನ್ಯ ಬಹಳ ಹೊತ್ತು ಮಾವಿನ ಓಟೆ ಚೀಪಿದ. ಆಮೇಲೆ ಅಂದ: "ಸರಿ. ಇದ್ದೆ ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಬಿಟ್ಟುಹೋಗೋಕೆ ನಿಂಗೆ ಅಪ್ಪಣೆ ಕೊಟ್ಟೋರು ಯಾರು?"

ಈ ದಿಕ್ಕಿನಿಂದ ಮರ್ಯೋರಿ ಯೋಚಿಸಿಯೇ ಇರಲಿಲ್ಲ. ಇಷ್ಟು ಹೊತ್ತು ವಾದ ಮಾಡಿ ಗೆದ್ದು ಅವಳು ಬಂದು ನಿಂತದ್ದು ಎಲ್ಲಿಗೆ?

"ಹುಡುಗರು ಹಿಂಗೆ ಬಂದು ಕೇಳಿದ್ರೆ ಏನು ಮಾಡಬೇಕು ಅಂತ ನಂಗೆ ಗೊತ್ತು," ಎಂದ ಪೆಸ್ತಾನ್ಯ. ಬೆದರಿಸುವ ದನಿಯೇನಲ್ಲ; ಲೆಕ್ಕ ತಪ್ಪಿದವನ ದನಿ. "ಹುಡುಗೀರು ಯಾರೂ ಕೇಳಿರಲಿಲ್ಲ. ಹುಡುಗೀರು ಇದ್ರು ಅಂತಲೇ ನಾವು ಅಂದ್ಕೊಂಡಿರಲಿಲ್ಲ. ನೀನು ಹೇಳೋದು ಕೇಳಿದ್ರೆ… ನಮ್ಮಮ್ಮನೂ ಇದ್ಲು ಅನ್ನಬೇಕಾಗುತ್ತೆ." ರೆಪ್ಪೆ ಬಡಿದ. "ಯೋಚನೆ ಮಾಡಿ ಹೇಳ್ತೀನಿ. ಅಲ್ಲೀತನಕ ಆ ಆಫೀಸಿನ ಕಡೆ ತಲೆ ಹಾಕಬೇಡ."

ಆ ವಾರ ತಾಯಿ ಮಗಳು ಮಾತಾಡಿಕೊಂಡದ್ದು ಕಡಿಮೆ. ಕೇರಿಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಇಬ್ಬರೂ ಒಟ್ಟಿಗೆ ಬೆಚ್ಚುತ್ತಿದ್ದರು. ಮರ್ಯೋರಿ ಕಾರ್ಖಾನೆಯಲ್ಲಿ ಒಂದು ಪ್ಯಾಂಟಿನ ದಾರದ ಜೊತೆ ಜೇಬನ್ನೂ ಕತ್ತರಿಸಿ ಬೈಸಿಕೊಂಡಳು. ಶುಕ್ರವಾರ ಬೆಳಗ್ಗೆ ಅವಳು ಕೆಲಸಕ್ಕೆ ಹೊರಟು ನಿಂತಾಗ, ಪೆಸ್ತಾನ್ಯ ಒಬ್ಬನೇ ಬಂದು ರುಬಿಯೇಲಾಳ ಒಲೆಯ ಮುಂದೆ ಸ್ಟೂಲ್ ಎಳೆದುಕೊಂಡು ಕೂತ. ಅರೇಪಾ ಕೇಳಿದ, ಮೇಲೆ ಚೀಸ್ ಹಾಕಿಸಿಕೊಂಡ, ಬಿಸಿ ಬೆಲ್ಲದ ನೀರು ಕುಡಿದ. ಸಣ್ಣವನಿದ್ದಾಗ ಹಸಿದುಕೊಂಡು ಬಂದು ಅದೇ ಸ್ಟೂಲಿನ ಮೇಲೆ ಕೂರುತ್ತಿದ್ದವನು ಅವನು.

"ದೋನ್ಯಾ ರುಬಿಯೇಲಾ," ಎಂದ ಮರ್ಯಾದೆಯಿಂದ, ಬಾಯಿ ಒರೆಸಿಕೊಂಡು, "ನಿಮ್ಮ ಮಗಳು ಯಾವತ್ತೂ ನಮ್ಮ ಜೊತೆ ಇರಲಿಲ್ಲ. ಇದು ನನ್ನ ಮಾತು. ಹುಡುಗರಿಗೂ ಹೇಳಿದ್ದೀನಿ. ಇಲ್ಲದೇ ಇದ್ದವಳು ಬಿಡೋ ಮಾತೇ ಬರಲ್ಲ. ಬಿಡೋ ಮಾತಿಲ್ಲ ಅಂದ್ಮೇಲೆ ಅಪ್ಪಣೆ ಮಾತೂ ಇಲ್ಲ."

ರುಬಿಯೇಲಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

ಅವನು ಮರ್ಯೋರಿಯ ಕಡೆ ತಿರುಗಿದ. "ಕೆಳಗೆ ಆ ಡಾಕ್ಟರಮ್ಮನ ಹತ್ರ ಏನು ಬೇಕಾದ್ರೂ ಹೇಳ್ಕೋ, ಹೆಸರು ಮಾತ್ರ ಬೇಡ. ಅಲ್ಲಿ ನೀನು ಇದ್ದೆ. ಇಲ್ಲಿ ಇರಲಿಲ್ಲ. ತಿಳೀತಾ?"

"ತಿಳೀತು ಅಣ್ಣ," ಎಂದಳು. ಏನೂ ತಿಳಿದಿರಲಿಲ್ಲ.

ಅವನು ಮೆಟ್ಟಿಲಿಳಿದು ಮರೆಯಾದ ಮೇಲೆ ರುಬಿಯೇಲಾ, "ನೋಡ್ದಾ? ನಾನು ಮೊದಲಿಂದ ಹೇಳ್ತಾನೇ ಇರಲಿಲ್ವಾ, ನನ್ನ ಮಗಳು ಅಂಥೋಳಲ್ಲ ಅಂತ?" ಎಂದು ಕಣ್ಣೊರೆಸಿಕೊಂಡು ನಕ್ಕಳು. ತಾನು ಹೇಳಿಕೊಂಡು ಬಂದ ಸುಳ್ಳಿಗೆ ಊರ ದೊರೆಯೇ ಬಂದು ಮುದ್ರೆ ಒತ್ತಿದ ಹಾಗಾಗಿತ್ತು ಅವಳಿಗೆ. ಮರ್ಯೋರಿಗೂ ಹಗುರವಾಗಬೇಕಿತ್ತು. ಪ್ರಾಣಭಯ ಕಳೆಯಿತಲ್ಲ! ಆದರೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಯಾರೋ ತನ್ನಿಂದ ಏನನ್ನೋ ಕಿತ್ತುಕೊಂಡು ಹೋದರು ಅನ್ನಿಸಿತು. ಆ ಟೆರೇಸು, ಆ ಹೆದರಿಕೆ, ನಿದ್ದೆಯಿಲ್ಲದ ಆ ವರ್ಷಗಳು, ಅವೆಲ್ಲ ಯಾರವು ಹಾಗಾದರೆ? ಪೆಸ್ತಾನ್ಯ ಉಪಕಾರ ಮಾಡಿದನೋ, ಅವಮಾನ ಮಾಡಿದನೋ? ಅವನಿಗೆ ಕೃತಜ್ಞಳಾಗಿರಬೇಕೋ, ಅವನ ಮೇಲೆ ಉಗಿಯಬೇಕೋ? ಕಾರ್ಖಾನೆ ಬರುವ ತನಕ ಯೋಚಿಸಿದಳು, ಬಗೆಹರಿಯಲಿಲ್ಲ. ಇಳಿಯಬೇಕಾದ ನಿಲ್ದಾಣವೂ ದಾಟಿಹೋಗಿತ್ತು.

ಎರಡನೆಯ ಸಲ ಆ ಮೇಜಿನ ಮುಂದೆ ಕೂತಾಗ ಅವಳು, "ಇದ್ದೆ" ಅಂದಳು. ಚೀಲ, ಡಬ್ಬಿ, ಟೆರೇಸು, ಜೈಲು ಎಲ್ಲವನ್ನೂ ಹೇಳಿದಳು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಸುಳ್ಳು ಹೇಳುವಾಗ ಆಗುವಂತೆ ಕಿವಿ ಬಿಸಿಯಾಗಿತ್ತು. "ಇಲ್ಲ" ಅಂದಿದ್ದ ದಿನ ಹಾಗಾಗಿರಲಿಲ್ಲ.

ಹಿರಿಯರು ಕೇಳಿದರು: "ಬಿಟ್ಟದ್ದು ಯಾವಾಗಮ್ಮ?"

ಅವಳು ಯೋಚಿಸಿದಳು. "ಮೊನ್ನೆ ಶುಕ್ರವಾರ, ಸಾರ್."

ಪೌಲೀನಾ ಕೆಮ್ಮಿದಳು. ಹಿರಿಯರು ಮತ್ತೆ ಕನ್ನಡಕ ಒರೆಸಿಕೊಂಡರು. ಅದಾಗಿ ಹತ್ತು ಹದಿನೈದು ದಿನಕ್ಕೆ ಫೋನ್ ಬಂತು: ಆಯ್ಕೆಯಾಗಿದ್ದಾಳೆ. ಕಾಲೇಜಿನ ಶುಲ್ಕ, ಬಸ್ಸು ಮೆಟ್ರೊ ಖರ್ಚು, ಮಧ್ಯಾಹ್ನದ ಊಟ ಎಲ್ಲ ನಿಧಿಯದು.

ಮಾರ್ಕ್ಸ್ ಚೆನ್ನಾಗಿದ್ದುದಕ್ಕೆ ಸಿಕ್ಕಿತು ಎಂದು ರುಬಿಯೇಲಾ ಗಿರಾಕಿಗಳಿಗೆಲ್ಲ ಹೇಳಿದಳು. ಗಿರಾಕಿಗಳು ಹೌದು ಹೌದು ಅಂದು ಅರೇಪಾ ತಿಂದರು; ನಿಜವೇನೆಂದು ಎಲ್ಲರಿಗೂ ಗೊತ್ತಿತ್ತು. ಒಂದು ಸಂಜೆ ನಾಲ್ಕು ಮನೆ ಆಚೆಯ ನೂಬಿಯಾ ಬಂದಳು. ಅವಳ ಮಗ ಬೀದಿಗೇ ಇಳಿಯದ ಹುಡುಗ. ಕೊಂಬೊದವರು ಕರೆದರೆ ಹೋಗಬಾರದೆಂದು ತಾಯಿಯೇ ಅವನನ್ನು ಮನೆಯಲ್ಲಿ ಕೂಡಿಹಾಕಿ ಬೆಳೆಸಿದ್ದಳು.

"ದೋನ್ಯಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ," ಎಂದಳು ನೂಬಿಯಾ, ನಿಂತುಕೊಂಡೇ. "ನನ್ನ ಮಗನ್ನ ಕೊಂಬೊದವನು ಅಂತ ಹೇಳಿಸೋದು ಹೆಂಗೆ?"

"ಅಯ್ಯೋ, ಏನು ಮಾತಾಡ್ತೀರಿ! ಆ ಹುಡುಗ ಬಂಗಾರ."

"ಬಂಗಾರ ಇಟ್ಕೊಂಡು ಏನು ಮಾಡಲಿ? ಕಾಲೇಜಿಗೆ ಕಟ್ಟೋಕೆ ದುಡ್ಡಿಲ್ಲ. ಮಾರ್ಕ್ಸಿನ ಫಂಡಿಗೆ ಕೂದಲೆಳೆಯಲ್ಲಿ ತಪ್ಪೋಯ್ತು. ಇವನು ಯಾರ ತಂಟೆಗೂ ಹೋಗಲಿಲ್ಲ, ಅದಕ್ಕೆ ಇವನಿಗೆ ಯಾವ ಫಂಡೂ ಇಲ್ಲ. ನಾನು ಅವನನ್ನ ಬಾಗಿಲು ಹಾಕಿ ಬೆಳೆಸಿದ್ದೇ ತಪ್ಪಾಯ್ತಾ?"

ರುಬಿಯೇಲಾ ಮಗಳ ಮುಖ ನೋಡಿದಳು. ಮರುದಿನ ಮರ್ಯೋರಿ ಪೌಲೀನಾಳಿಗೆ ಫೋನ್ ಮಾಡಿ ಕೇಳಿದಳು. ಪೌಲೀನಾ, "ನಂಗೂ ಗೊತ್ತಿಲ್ಲ ಕಣೆ" ಅಂದಳು. ನೂಬಿಯಾಳ ಮಗ ಕೊನೆಗೆ ಸೂಪರ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಮೆಟ್ಟಿಲಲ್ಲಿ ಸಿಕ್ಕರೆ ಮರ್ಯೋರಿಗೆ ನಗುನಗುತ್ತಲೇ ದಾರಿ ಬಿಡುತ್ತಿದ್ದ. ಅವನ ಆ ನಗು ಕಂಡರೆ ಅವಳಿಗೆ ಓಡಿಹೋಗುವ ಹಾಗಾಗುತ್ತಿತ್ತು.

ಕಾಲೇಜು ನದಿಯಾಚೆ. ಮೊದಲ ತಿಂಗಳುಗಳಲ್ಲಿ ಅವಳು ಪಾಠದಲ್ಲಿ ದಿಕ್ಕುತಪ್ಪಿದಳು. ಭೌತಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ಬರೆದುಕೊಂಡು, ಮನೆಗೆ ಬಂದು ನೋಡಿದರೆ ಬೇರೆ ಯಾರದೋ ಕೈಬರಹದ ಹಾಗೆ ಕಾಣುತ್ತಿತ್ತು. ಮೂಳೆಗಳ ಹೆಸರು ಬಾಯಿಪಾಠ ಮಾಡುವಾಗ ಮಾತ್ರ ಸ್ವಲ್ಪ ಹಿತವೆನಿಸುತ್ತಿತ್ತು. ತರಗತಿಯ ಹುಡುಗಿಯರು, "ನಿಮ್ಮ ಮನೆ ಎಲ್ಲಿ?" ಎಂದರೆ ಮೆಟ್ರೊ ನಿಲ್ದಾಣದ ಹೆಸರು ಹೇಳಿ ಸುಮ್ಮನಾಗುತ್ತಿದ್ದಳು. ನಿಧಿಯ ಹುಡುಗರಿಗೆಂದೇ ತಿಂಗಳಿಗೊಂದು ಸಲ ಪೌಲೀನಾ ನಡೆಸುತ್ತಿದ್ದ ಸಭೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಅಲ್ಲಿ ಮಿಕ್ಕವರೆಲ್ಲ ಗಂಡಸರು. ಅವರು ಅವಳನ್ನು ಆಫೀಸಿನವಳೆಂದು ತಿಳಿದು ಕಾಫಿ ಎಲ್ಲಿದೆ ಎಂದು ಕೇಳುತ್ತಿದ್ದರು.

ಅವರಲ್ಲೊಬ್ಬ ಅರ್ಬೇಯ್. ಮುಂದಿನ ಗುಡ್ಡದವನು, ಅಂದರೆ ಶತ್ರುಗಳ ಗುಡ್ಡದವನು. ಈಗ ಲೆಕ್ಕಪತ್ರದ ಓದು. ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ಬಂದು ಎದುರಿಗೆ ಕೂತ.

"ನೀನು ಯಾವ ಕಡೆಯವಳು?"

"ಲಾ ತೋರ್ಕಾಸಾ."

"ಸುಳ್ಳು. ಲಾ ತೋರ್ಕಾಸಾದ ಕೊಂಬೊದಲ್ಲಿ ಹುಡುಗೀರೇ ಇರಲಿಲ್ಲ."

"ನಮ್ಮೋರೂ ಹಂಗೇ ಅಂತಾರೆ," ಎಂದಳು ಮರ್ಯೋರಿ. ಊಟ ಮುಂದುವರಿಸಿದಳು. ಅವನು ಎದ್ದು ಹೋಗದೆ ಮತ್ತೆ ಮತ್ತೆ ಕೆದಕಿದ ಮೇಲೆ, ಮನೆ ಯಾವುದೆಂದು ಹೇಳಿದಳು: ಮೆಟ್ಟಿಲ ತಿರುವಿನದು, ಹಸಿರು ಟೆರೇಸು.

ಅರ್ಬೇಯ್‌ನ ಚಮಚ ನಿಂತಿತು. "ಕೆಂಪು ಟವೆಲ್?"

ಅವಳು ತಲೆಯಾಡಿಸಿದಳು.

"ಅದು ನೀನಾ! ಏ, ಆ ಟವೆಲ್ಲಿಗೆ ನಾವು ಹಾಕಿರೋ ಶಾಪ ಎಷ್ಟು ಗೊತ್ತಾ? ನಾವು ಅರ್ಧ ದಾರಿ ಹತ್ತೋದ್ರೊಳಗೆ ಅಲ್ಲಿ ಒಂದು ನರಪಿಳ್ಳೆ ಇರ್ತಿರಲಿಲ್ಲ. ನಮ್ಮ ದೊಡ್ಡೋನು ಹೇಳ್ತಿದ್ದ, ಆ ಟೆರೇಸಿನ ಮೇಲಿರೋನು ಅವರ ಗುಂಪಿನ ಅತಿ ಚುರುಕಾದ ಗಂಡಸು, ಮೊದಲು ಅವನನ್ನ ಮುಗಿಸಬೇಕು ಅಂತ."

ಮರ್ಯೋರಿ ನಕ್ಕಳು. ನಗು ನಿಲ್ಲಲಿಲ್ಲ, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ತಾನು ಇದ್ದದ್ದು ನಿಜ ಎಂದು ಒಪ್ಪಿದವನು ಭೂಮಿಯ ಮೇಲೆ ಒಬ್ಬನೇ ಸಿಕ್ಕ, ಅವನೂ ತನ್ನನ್ನು ಕೊಲ್ಲಬೇಕೆಂದಿದ್ದವರ ಪೈಕಿ. ಖುಷಿಪಡುವಂಥದ್ದೇ ಇದು? ಅರ್ಬೇಯ್ ಗಾಬರಿಯಾಗಿ ತನ್ನ ತಟ್ಟೆಯ ಹುರಿದ ಬಾಳೆಕಾಯಿಯನ್ನು ಅವಳ ತಟ್ಟೆಗೆ ದಾಟಿಸಿ, "ತಿನ್ನು, ತಿನ್ನು. ಈಗ ನಾವಿಬ್ರೂ ಒಂದೇ ಫಂಡಿನೋರಲ್ವಾ" ಅಂದ. ಅಂದಿನಿಂದ ಇಬ್ಬರೂ ಒಟ್ಟಿಗೆ ಊಟ ಮಾಡುವುದು ರೂಢಿಯಾಯಿತು. ಅವನು ಅವಳಿಗೆ ಗಣಿತ ಹೇಳಿಕೊಟ್ಟ. ಅವನ ಗುಡ್ಡಕ್ಕೆ ಅವಳೂ, ಅವಳ ಗುಡ್ಡಕ್ಕೆ ಅವನೂ ಕಾಲಿಡುವ ಹಾಗಿರಲಿಲ್ಲವಾದ್ದರಿಂದ ಸ್ನೇಹವೆಲ್ಲ ನದಿಯಾಚೆಯೇ.

ಎರಡು ವರ್ಷ ಕಳೆಯಿತು. ನಗರಸಭೆಗೆ ಹೊಸಬರು ಬಂದರು. ಹೊಸಬರಿಗೆ ಬೇರೆ ಯೋಜನೆ, ಬೇರೆ ಹೆಸರು. ಹೊರದೇಶದ ಸಂಸ್ಥೆಗೂ ಬೇರೆ ಯಾವುದೋ ದೇಶ ನೆನಪಾಯಿತು. ಪೌಲೀನಾ ಎಲ್ಲರನ್ನೂ ಕೂರಿಸಿ ನಿಧಿ ನಿಂತುಹೋಯಿತೆಂದು ಹೇಳುವಾಗ ಅತ್ತಳು. ಅವಳ ಕೆಲಸವೂ ಹೋಗಿತ್ತು. ಅಂಥ ದೊಡ್ಡ ಡಾಕ್ಟರಮ್ಮನನ್ನು ಹೇಗೆ ಸಮಾಧಾನ ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಹುಡುಗರಲ್ಲಿ ಅರ್ಧಕ್ಕರ್ಧ ಮುಂದಿನ ಸೆಮಿಸ್ಟರಿಗೆ ಬರಲಿಲ್ಲ. ಅರ್ಬೇಯ್ ಒಂದು ಅಂಗಡಿಯ ಲೆಕ್ಕ ಬರೆಯುತ್ತಾ ಸಂಜೆಯ ತರಗತಿಗೆ ಬದಲಾಯಿಸಿಕೊಂಡ. ಮರ್ಯೋರಿ ಮತ್ತೆ ಜೀನ್ಸಿನ ಕಾರ್ಖಾನೆಗೆ ಹೋದಳು, ಅರ್ಧ ಪಾಳಿಗೆ. ಕುಂಟುವ ದುವಾನ್ ಉರಬಾದಿಂದ ಕ್ರಿಸ್‌ಮಸ್ಸಿಲ್ಲದಿದ್ದರೂ ಫೋನ್ ಮಾಡಿ, "ಓದು ಬಿಡಬೇಡ ಕಣೇ, ನಾನು ಕಳಿಸ್ತೀನಿ" ಅಂದ. ಕಳಿಸಿದ ಕೂಡ, ಆದಷ್ಟು. ಮಂಚದ ಕೆಳಗಿನ ಚೀಲದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಪೆಸ್ತಾನ್ಯನನ್ನು ಆ ಹೊತ್ತಿಗೆ ಪೊಲೀಸರು ಹಿಡಿದಿದ್ದರು. ಅವನ ಜಾಗಕ್ಕೆ ಬಂದವನು ಪಿಂಚಣಿಯ ಮಾತಾಡಿದ್ದ ಹುಡುಗ. ಅವನು ಅವಳನ್ನು ಕಂಡರೆ ಟೋಪಿ ಮುಟ್ಟಿಕೊಂಡು, "ನಮಸ್ಕಾರ ಡಾಕ್ಟರಮ್ಮ" ಅನ್ನುತ್ತಿದ್ದ. ಗೇಲಿಯೋ ಗೌರವವೋ ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಜೈಲಿಗೆ ಹೋಗಿ ಪೆಸ್ತಾನ್ಯನನ್ನು ಒಂದು ಸಲ ನೋಡಿ ಬರಬೇಕೆಂದು ಅಂದುಕೊಂಡಳು, ಎರಡು ಸಲ ಹೊರಟೂ ಬಿಟ್ಟಳು. ಹೋಗಿ ಏನು ಹೇಳುವುದೆಂದು ತೋಚದೆ ಎರಡು ಸಲವೂ ಅರ್ಧ ದಾರಿಯಿಂದ ಹಿಂದಿರುಗಿದಳು.

ಕೊನೆಯ ವರ್ಷ ಒಂದು ಚಿಕಿತ್ಸಾಲಯದ ಎಕ್ಸ್‌ರೇ ಕೋಣೆಯಲ್ಲಿ ಅವಳಿಗೆ ಅಭ್ಯಾಸದ ಕೆಲಸ. ಹೇಳಿಕೊಡುತ್ತಿದ್ದ ಮೇಡಂ ಒಂದು ಬೆಳಗ್ಗೆ, "ಇವತ್ತು ನೀನೊಬ್ಬಳೇ ತೆಗಿ, ನಾನು ಹೊರಗಿರ್ತೀನಿ" ಎಂದು ಹೋಗಿಬಿಟ್ಟರು. ಮೊದಲು ಬಂದವರು ಸಂತೆಯಲ್ಲಿ ಹೂ ಮಾರುವ ಒಬ್ಬ ಮುದುಕರು, ಬಿಡದ ಕೆಮ್ಮು. ಮರ್ಯೋರಿ ಅವರ ಅಂಗಿ ಬಿಚ್ಚಿಸಿ, ಗಲ್ಲ ಮೇಲೆತ್ತಿಸಿ, ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿದಳು. "ಉಸಿರು ಎಳ್ಕೊಳ್ಳಿ ತಾತ. ಹಂಗೇ ಹಿಡ್ಕೊಳ್ಳಿ. ಅಲ್ಲಾಡಬೇಡಿ" ಎಂದು ಹೇಳಿ ಗಾಜಿನ ಹಿಂದಕ್ಕೆ ಓಡಿ ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿತು. ಪಕ್ಕೆಲುಬುಗಳು, ನಡುವೆ ಹೃದಯದ ನೆರಳು, ಎಲ್ಲ ಇದ್ದಲ್ಲೇ ಇತ್ತು. ಅವಳು ತೆಗೆದದ್ದು! ಬಾಗಿ ಬಾಗಿ ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಗಾಜಿನ ಆಚೆಯಿಂದ ದಬದಬ ಎಂದು ಹಲಗೆ ಬಡಿಯುವ ಸದ್ದು ಕೇಳಿ ತಲೆಯೆತ್ತಿದರೆ, ಮುದುಕರು ಗಲ್ಲ ಮೇಲೆತ್ತಿಕೊಂಡೇ, ಮುಖ ಕೆಂಪಗಾಗಿ, ಕಣ್ಣು ಹೊರಗೆ ಬರುವ ಹಾಗೆ ನಿಂತಿದ್ದರು.

"ಅಯ್ಯೋ ತಾತ! ಬಿಡಿ, ಬಿಡಿ! ಉಸಿರು ಬಿಡಿ!"

ಮುದುಕರು ಬುಸ್ಸೆಂದು ಉಸಿರು ಬಿಟ್ಟು, ಕೆಮ್ಮಿ, ಹಲಗೆ ಹಿಡಿದು ಸುಧಾರಿಸಿಕೊಂಡರು.

"ಏನಮ್ಮ, ಹಿಡ್ಕೋ ಅಂದವಳು ಬಿಡು ಅನ್ನೋದನ್ನ ಮರೆತರೆ ಹೆಂಗೆ?" ಎಂದರು. "ನಾನು ಹೇಳಿದ ಮಾತು ಕೇಳೋ ಮನುಷ್ಯ. ಇಲ್ಲೇ ಸತ್ತುಹೋಗ್ತಿದ್ದೆ."

"ತಪ್ಪಾಯ್ತು ತಾತ. ಇವತ್ತೇ ಮೊದಲು."

"ನಂಗೂ ಇದೇ ಮೊದಲು," ಎಂದರು ಮುದುಕರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. "ಎಲ್ಲಿ, ಹೆಂಗೆ ಬಂದಿದೆ ತೋರಿಸು ನೋಡೋಣ."